ಕೈಗೆ ಕೊಡಿ

ಆ ಮನೆಯಲ್ಲಿ ಅಪ್ಪಿಯ ಕೈಗೆ ಯಾರೂ ಏನನ್ನೂ ಕೊಟ್ಟದ್ದಿಲ್ಲ.

ಸಾಬೂನು ಕೇಳಿದರೆ ಸಾಬೂನು ಬಚ್ಚಲಿನ ಹೊಸ್ತಿಲ ಮೇಲೆ ಬಂದು ಬೀಳುತ್ತಿತ್ತು. ಅನ್ನವನ್ನು ಬಾಲ್ಕನಿಯ ಮೂಲೆಯಲ್ಲಿಟ್ಟ ಅವಳ ಅಲ್ಯುಮಿನಿಯಂ ಬೋಗುಣಿಗೆ ಮೇಲಿನಿಂದ ಸುರಿಯುತ್ತಿದ್ದರು. ಜ್ವರ ಬಂದಾಗ ಮನೆಯೊಡತಿ ಕುಸುಮ ಮಾತ್ರೆಯನ್ನು ವಾಷಿಂಗ್ ಮೆಷಿನಿನ ಮುಚ್ಚಳದ ಮೇಲಿಟ್ಟು, "ಅಲ್ಲಿ ಉಂಟು, ತಕೋ" ಎಂದು ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಊರಿನಲ್ಲಾದರೆ ಇದಕ್ಕೆ ಅಂಗಳ ಇತ್ತು, ಗದ್ದೆಯ ಹುಣಿ ಇತ್ತು, ಯಾರು ಎಷ್ಟು ಮಾರು ದೂರ ನಿಲ್ಲಬೇಕೆಂಬ ಅಳತೆ ಇತ್ತು. ಮಸ್ಕತ್ತಿನ ರೂವಿಯಲ್ಲಿ, ಮೂರನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಅಷ್ಟು ಮಾರು ಜಾಗ ಎಲ್ಲಿಂದ ಬರಬೇಕು? ಹಾಗಾಗಿ ಆ ದೂರವನ್ನು ಮಡಚಿ ಸಣ್ಣದು ಮಾಡಿ ಪೆಟ್ಟಿಗೆಯಲ್ಲಿಟ್ಟು ತಂದಿದ್ದರು. ಕೊಡುವ ಕೈಗೂ ತೆಗೆದುಕೊಳ್ಳುವ ಕೈಗೂ ನಡುವೆ ಒಂದು ಗೇಣು.

ಅಪ್ಪಿ ಕೊರಗರ ಹೆಣ್ಣು. ಉಡುಪಿಯ ಕಡೆಯ ಒಂದು ಕೊಪ್ಪದವಳು; ಕೊಪ್ಪ ಎಂದರೆ ಕೊರಗರ ಕೇರಿ. ಗುಡ್ಡದಿಂದ ಬಿಳಲು ತಂದು ಬುಟ್ಟಿ ಹೆಣೆಯುವ ಮನೆ. ಪ್ರೇಮನಾಥನ ಹಿರಿಯರ ಮನೆಯ ಹಟ್ಟಿಯಲ್ಲಿ ಸೆಗಣಿ ಬಾಚುತ್ತಿದ್ದಳು. ಪ್ರೇಮನಾಥ ಮಸ್ಕತ್ತಿನ ಕಂಪೆನಿಯೊಂದರಲ್ಲಿ ಮ್ಯಾನೇಜರ್, ಇಲ್ಲಿನ ಕರಾವಳಿ ಬಳಗದ ಅಧ್ಯಕ್ಷ. ಎಂಬತ್ತೊಂಬತ್ತರಲ್ಲಿ, ಎರಡೇ ವರ್ಷ ಎಂದು ಹೇಳಿ, ತನ್ನ ಕಫೀಲನ, ಅಂದರೆ ತನಗೆ ಜಾಮೀನು ನಿಂತ ಅರಬ್ಬಿಯ, ಹೆಸರಿನಲ್ಲಿ ವೀಸಾ ಮಾಡಿಸಿ ಅವಳನ್ನು ಕರೆಸಿಕೊಂಡ. ಏರ್‌ಪೋರ್ಟಿನಲ್ಲೇ ಪಾಸ್‌ಪೋರ್ಟ್ ತೆಗೆದುಕೊಂಡ. ಅದನ್ನೂ ಅವಳ ಕೈಯಿಂದ ತೆಗೆದುಕೊಳ್ಳಲಿಲ್ಲ. "ಆ ಟ್ರಾಲಿ ಮೇಲಿಡು" ಎಂದ. ಇಟ್ಟಳು. ಎರಡು ವರ್ಷ ನಾಲ್ಕಾಯಿತು.

ಬೆಳಗ್ಗೆ ಐದಕ್ಕೆ ಎದ್ದರೆ ಎರಡು ಸಂಡಾಸು, ಎರಡು ಬಚ್ಚಲು. ಬ್ಲೀಚಿಗೆ ಅಂಗೈಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿತ್ತು. ಆಮೇಲೆ ಏಸಿಯ ಜಾಲರಿಯ ಮರಳು ಕೊಡವಬೇಕು. ಕಂಬಳಿಗಳನ್ನು ಟಬ್ಬಿನಲ್ಲಿ ಹಾಕಿ ಮೊಣಕಾಲವರೆಗೆ ನಿಂತು ತುಳಿಯಬೇಕು. ಲಿಫ್ಟು ಕೆಟ್ಟ ದಿನ ಗ್ಯಾಸಿನ ಅಂಡೆಯನ್ನು ಸೊಂಟಕ್ಕೆ ಆನಿಸಿ ಐವತ್ತನಾಲ್ಕು ಮೆಟ್ಟಿಲು ಹತ್ತಬೇಕು. ಮತ್ರಾದ ಮಾರುಕಟ್ಟೆಯಿಂದ ಬಂದ ಅಂಜಲ್ ಮೀನನ್ನು ಬಾಲ್ಕನಿಯಲ್ಲಿ ಕೂತು ಕೊಯ್ಯಬೇಕು. ಹಸಿ ಮೀನು ಅವಳು ಮುಟ್ಟಬಹುದು, ಬೆಂದ ಮೀನು ಮುಟ್ಟಬಾರದು. ಮನೆಯ ಇಬ್ಬರು ಮಕ್ಕಳು ಇಂಡಿಯನ್ ಸ್ಕೂಲಿಗೆ ಹೋಗುತ್ತಿದ್ದರು. "ಡೋಂಟ್ ಟಚ್ ಮೈ ಬ್ಯಾಗ್, ಅಪ್ಪಿ" ಎನ್ನುತ್ತಿದ್ದರು. ಅವರು ಜಾತಿ ಕಲಿತದ್ದು ಇಂಗ್ಲಿಷಿನಲ್ಲಿ.

ಹೀಗಿದ್ದ ಮನೆಯಲ್ಲಿ ದೈವಭಕ್ತಿಗೇನೂ ಕಡಿಮೆ ಇರಲಿಲ್ಲ. ಏನು ಕಳೆದುಹೋದರೂ ಕುಸುಮ ಕೊರಗಜ್ಜನಿಗೆ ಹರಕೆ ಹೇಳುತ್ತಿದ್ದಳು. ಅಜ್ಜ ಕಳೆದದ್ದನ್ನು ಹುಡುಕಿಕೊಡುವ ದೈವ. ಅಪ್ಪಿಯ ಕುಲದಲ್ಲೇ ಹುಟ್ಟಿ ದೈವವಾದವನು. ಒಮ್ಮೆ ಕುಸುಮಳ ಒಂದು ಬೆಂಡೋಲೆ ಕಳೆದುಹೋಯಿತು. "ಸ್ವಾಮಿ ಅಜ್ಜ, ಸಿಕ್ಕಿದ್ರೆ ಊರಿಗೆ ಬಂದಾಗ ಚಕ್ಕುಲಿ ಕೊಡ್ತೇನೆ, ವೀಳ್ಯ ಕೊಡ್ತೇನೆ" ಎಂದು ಕಣ್ಣುಮುಚ್ಚಿ ನಿಂತಳು. ಅಪ್ಪಿ ಬಚ್ಚಲಿನ ತೂಬಿಗೆ ಮೊಣಕೈವರೆಗೆ ಕೈ ಹಾಕಿ, ಕೂದಲಿನ ಮುದ್ದೆ, ಕೊಳೆ, ಲೋಳೆ ಎಲ್ಲ ಎಳೆದು ಹಾಕಿ ಬೆಂಡೋಲೆ ತೆಗೆದಳು. "ಅಲ್ಲೇ ಇಡು" ಎಂದಳು ಕುಸುಮ. ಅರಿಸಿನದ ನೀರಿನಲ್ಲಿ ತೊಳೆದಳು. ಕಿವಿಗೆ ಹಾಕಿಕೊಂಡು, "ನೋಡಿದ್ರಾ, ಅಜ್ಜ ಕೈಬಿಡ್ಲಿಲ್ಲ" ಎಂದು ಗಂಡನಿಗೆ ಹೇಳಿದಳು.

ಅಪ್ಪಿ ಬಾಲ್ಕನಿಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಎಷ್ಟು ತೊಳೆದರೂ ಆ ವಾಸನೆ ಹೋಗಲಿಲ್ಲ.

ತೊಂಬತ್ತಮೂರರ ಅಕ್ಟೋಬರಿನಲ್ಲಿ ಅಣ್ಣ ಬೋಜನ ಕ್ಯಾಸೆಟ್ಟು ಬಂತು. ಆಗೆಲ್ಲ ಹಾಗೆಯೇ. ಬರೆಯಲು ಬಾರದವರು ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ಊರಿಂದ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದರು. ತಂದವನು ಪ್ರೇಮನಾಥನ ಕಂಪೆನಿಯ ಡ್ರೈವರ್ ಆದಂ. ಅವನು ಅಪ್ಪಿಯ ಕೈಗೇ ಕೊಡಲು ಚಾಚಿದ್ದ. ಕುಸುಮ ನಡುವೆ ಕೈ ಹಾಕಿ ಕಿತ್ತುಕೊಂಡಳು. ಅಪ್ಪಿಗೆ ಬಂದ ಕ್ಯಾಸೆಟ್ಟು ಮೊದಲು ಮನೆಯ ಹಾಲಿನಲ್ಲಿ, ಎಲ್ಲರ ಮುಂದೆ ಹಾಡಬೇಕು. ಅದು ಆ ಮನೆಯ ಕಾನೂನು.

ಕ್ಯಾಸೆಟ್ಟು ತಿರುಗಿತು. ಬೋಜನ ದನಿ ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಬೋಜ ಮಾತಾಡುತ್ತಿದ್ದದ್ದು ತುಳುವಲ್ಲ, ಕನ್ನಡವಲ್ಲ, ಕೊರಗರು ಕೊರಗರೊಡನೆ ಮಾತ್ರ ಆಡುವ ಮಾತು.

"ಇದೆಂತ ಅಪ್ಪಿ, ತಗಡಿನ ಮೇಲೆ ಕಲ್ಲು ಉರುಳಿಸಿದ ಹಾಗೆ!" ಎಂದ ಪ್ರೇಮನಾಥ. ಎರಡು ನಿಮಿಷಕ್ಕೆ ಬೇಜಾರಾಗಿ ಎದ್ದು ಹೋದ.

ಆ ಮಾತಿಗೆ ಒಂದು ಕತೆ ಇತ್ತು. ಅಪ್ಪಿಯ ಅಜ್ಜಿ ಬುಟ್ಟಿ ಹೆಣೆಯುತ್ತ ಹೇಳುತ್ತಿದ್ದ ಕತೆ. ನಮ್ಮವರಿಗೂ ಒಬ್ಬ ಅರಸು ಇದ್ದ ಮಗಾ. ಹೆಣ್ಣು ಕೊಡುತ್ತೇವೆಂದು ದಿಬ್ಬಣಕ್ಕೆ ಕರೆದು ಕೊಂದರು. ಉಳಿದವರು ಗುಡ್ಡ ಹತ್ತಿದರು. ಬಟ್ಟೆ ಕಿತ್ತುಕೊಂಡರು, ಸೊಪ್ಪು ಉಟ್ಟೆವು. ಗದ್ದೆ ಕಿತ್ತುಕೊಂಡರು, ಬುಟ್ಟಿ ಹೆಣೆದೆವು. ಒಂದು ಮಾತ್ರ ಅವರ ಕೈಗೆ ಸಿಗಲಿಲ್ಲ. ಎಲ್ಲಿ ಅಡಗಿಸಿಟ್ಟೆವು, ಹೇಳು? ಆಗ ಪುಟ್ಟ ಅಪ್ಪಿ ಬಾಯಗಲಿಸಿ ನಾಲಗೆ ಹೊರಗೆ ಚಾಚಬೇಕು. ಅಜ್ಜಿ ನಗುತ್ತಿದ್ದಳು. ಹಾಂ, ಅಲ್ಲೇ. ಹೊರಗಿನವರ ಮುಂದೆ ತುಳು ಆಡು. ಇದನ್ನು ಅವರಿಗೆ ಕಲಿಸಬೇಡ.

ನೆಲ ಒರೆಸುತ್ತ ಅಪ್ಪಿ ಅಣ್ಣನ ಮಾತು ಕೇಳಿದಳು. ಡಿಸೆಂಬರಿನಲ್ಲಿ ಪಂಚಾಯತಿ ಚುನಾವಣೆ. ನಮ್ಮ ವಾರ್ಡಿನ ಸೀಟು ನಮ್ಮ ಹೆಂಗಸರಿಗೇ ಅಂತ ಸರಕಾರ ಬರೆದಿದೆ. ನಂಬು ತಂಗೀ, ಬೇರೆ ಯಾರೂ ನಿಲ್ಲುವಂತಿಲ್ಲ. ಎಂಎಲ್ಎ ದೇಜಪ್ಪ ತಮ್ಮ ಹಟ್ಟಿ ಗುಡಿಸುವ ನಮ್ಮ ಹೆಂಗಸೊಬ್ಬಳನ್ನೇ ನಿಲ್ಲಿಸ್ತಾರಂತೆ. ಪಾಪ, ಅವಳಿಗೆ ನಿಲ್ಲುವುದು ಎಂತಕ್ಕೆ ಅಂತಲೇ ಗೊತ್ತಿಲ್ಲ. ಕೊಪ್ಪದಲ್ಲಿ ಎಲ್ಲರೂ ನಿನ್ನ ಹೆಸರು ಹೇಳಿದ್ದಾರೆ. ಏಳನೇ ಕ್ಲಾಸು ಓದಿದವಳು ನೀನೊಬ್ಬಳೇ. ನಾಮಪತ್ರಕ್ಕೆ ಮುಂಚೆ ಬಾ.

ಅಪ್ಪಿಯ ಕೈಯ ಒರೆಸುವ ಬಟ್ಟೆ ಒಂದೇ ಜಾಗದಲ್ಲಿ ಸುತ್ತುತ್ತಿತ್ತು.

ಮರುದಿನ ಬೆಳಗ್ಗೆ ಪ್ರೇಮನಾಥ ಪೇಪರು ಓದುತ್ತಿದ್ದಾಗ ಹಾಲಿನ ಬಾಗಿಲಲ್ಲಿ ಬಂದು ನಿಂತಳು.

"ಧನಿ, ನನ್ನ ಪಾಸ್‌ಪೋರ್ಟು ಕೊಡ್ಬೇಕಿತ್ತು."

"ಎಂತಕ್ಕೆ?"

"ಊರಿಗೆ ಹೋಗ್ಲಿಕ್ಕೆ. ಎರಡು ವರ್ಷ ಅಂತ ಹೇಳಿದ್ರಿ. ನಾಲ್ಕಾಯ್ತು."

"ಊರಲ್ಲಿ ಎಂತ ಉಂಟು ನಿನಗೆ? ಅರಮನೆಯಾ?"

"ಪಂಚಾಯತಿಗೆ ನಿಲ್ಲಿಕ್ಕುಂಟು."

ಪೇಪರು ಕೆಳಗಿಳಿಯಿತು. ಕುಸುಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಬಂದಳು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ ನಗು ಒಡೆಯಿತು.

"ಕೇಳಿದ್ಯಾ ಕುಸುಮ? ನಮ್ಮ ಅಪ್ಪಿ ಮೆಂಬರ್ ಆಗ್ತಾಳಂತೆ. ಇನ್ನು ನಮ್ಮ ಅಪ್ಪ ಒಂದು ಸರ್ಟಿಫಿಕೇಟಿಗೆ ಇವಳ ಮುಂದೆ ಕೈಮುಗಿದು ನಿಲ್ಬೇಕು."

"ಕುರ್ಚಿಯಲ್ಲಿ ಕೂತು ಅಭ್ಯಾಸ ಉಂಟಾ ಅಪ್ಪಿ? ಬೀಳ್ಬೇಡ ಮತ್ತೆ" ಎಂದಳು ಕುಸುಮ.

ಅಪ್ಪಿ ನಗಲಿಲ್ಲ. "ಪಾಸ್‌ಪೋರ್ಟು, ಧನಿ."

"ಅದು ಕಳೆದುಹೋಗಿದೆ." ಪ್ರೇಮನಾಥನಿಗೆ ಈ ಮಾತು ಆ ಕ್ಷಣಕ್ಕೆ ಹೊಳೆದದ್ದು. ಹೊಳೆದ ಮೇಲೆ ಇಷ್ಟವೂ ಆಯಿತು. "ಆಫೀಸು ಶಿಫ್ಟ್ ಮಾಡುವಾಗ ಎಲ್ಲಿಯೋ ಹೋಯ್ತು. ನೋಡುವ, ಸಿಕ್ಕಿದ್ರೆ ಹೇಳ್ತೇನೆ. ಖಲಾಸ್. ಇನ್ನು ಆ ಸುದ್ದಿ ಬೇಡ."

ಪಾಸ್‌ಪೋರ್ಟು ಎಲ್ಲಿದೆಯೆಂದು ಅಪ್ಪಿಗೆ ಗೊತ್ತಿತ್ತು. ಸ್ಟೀಲ್ ಕಪಾಟಿನ ಕೆಳಗಿನ ಖಾನೆಯಲ್ಲಿ, ಕುಸುಮಳ ರೇಷ್ಮೆ ಸೀರೆಗಳ ಅಡಿಯಲ್ಲಿ. ಹೋದ ಶುಕ್ರವಾರ ಕುಸುಮ ಎದುರಿಗೆ ನಿಂತು ಕಪಾಟು ಒರೆಸಿಸಿದಾಗ ಆ ನೀಲಿ ರಟ್ಟು ಕಣ್ಣಿಗೆ ಬಿದ್ದಿತ್ತು. ಬೀಗದ ಕೈ ಕುಸುಮಳ ಸೊಂಟದಲ್ಲಿತ್ತು.

"ಕಳೆದದ್ದಾದ್ರೆ ಅಜ್ಜನಿಗೆ ಹೇಳಿ ಧನಿ" ಎಂದಳು ಅಪ್ಪಿ. "ಸಿಗ್ತದೆ. ಅಮ್ಮನ ಬೆಂಡೋಲೆ ಸಿಕ್ಕಿತಲ್ಲ."

ಪ್ರೇಮನಾಥನ ಮುಖ ಕೆಂಪೇರಿತು. ಎದ್ದ. ಹೊಡೆಯಬೇಕು. ಆದರೆ ಹೊಡೆಯಲಿಕ್ಕೂ ಮುಟ್ಟಬೇಕಲ್ಲ. ಚಪ್ಪಲಿ ತೆಗೆದು ಎಸೆದ. ಅದು ಅವಳ ದವಡೆಗೆ ಬಡಿದು ನೆಲಕ್ಕೆ ಬಿತ್ತು.

"ಎತ್ತಿ ತಂದಿಡು" ಎಂದ.

ಅಪ್ಪಿ ಬಗ್ಗಿದಳು. ಎತ್ತಿದಳು. ಅವನ ಕಾಲ ಬಳಿ ತಂದಿಟ್ಟಳು. ನಾಲ್ಕು ವರ್ಷದಿಂದ ಬಗ್ಗಿದ ಬೆನ್ನು ಅದು, ತಾನಾಗಿ ಬಗ್ಗುತ್ತಿತ್ತು. ಬಾಲ್ಕನಿಗೆ ಬಂದ ಮೇಲೆ ಅಪ್ಪಿಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ತನ್ನ ಬೆನ್ನಿನ ಮೇಲೆ.

ಕೆಳಗಿನ ಮಾಳಿಗೆಯಲ್ಲಿ ಬೀಟ್ರಿಸ್ ಎಂಬ ಕೊಂಕಣಿಯ ಹೆಂಗಸು ಇದ್ದಳು. ಆಫೀಸೊಂದರಲ್ಲಿ ಟೈಪಿಸ್ಟ್. ತಾರಸಿಗೆ ಬಟ್ಟೆ ಒಣಹಾಕಲು ಬಂದಾಗ ಅಪ್ಪಿಯೊಡನೆ ನಾಲ್ಕು ಮಾತಾಡುತ್ತಿದ್ದವಳು ಅವಳೊಬ್ಬಳೇ. ಅಪ್ಪಿಯ ಬಾತ ದವಡೆ ನೋಡಿ ಕ್ಲಿಪ್ಪು ಹಾಕುತ್ತಿದ್ದ ಕೈ ನಿಲ್ಲಿಸಿದಳು.

"ಬಾಯಮ್ಮ, ಎಂಬೆಸಿಗೆ ನಾನೇ ಹೋದ್ರೆ ಆಗುದಿಲ್ವಾ?"

"ಕೈಯಲ್ಲಿ ಒಂದು ಕಾಗದ ಇಲ್ಲದೆ ಹೊರಗೆ ಹೋಗ್ತೀಯಾ? ಪೊಲೀಸಿನವ ಹಿಡಿದ್ರೆ? ಓಡಿಹೋದವಳು ಅಂತ ಇವ ಮೊದಲೇ ಬರೆದುಕೊಡ್ತಾನೆ." ಬೀಟ್ರಿಸ್ ದನಿ ತಗ್ಗಿಸಿದಳು. "ಊರಿಂದ ಸೀಲು ಹಾಕಿದ ಕಾಗದ ಬರ್ಬೇಕು ಅಪ್ಪಿ. ಸರಕಾರದ ಸೀಲು. ಅದು ಬಂದ್ರೆ ಎಂಬೆಸಿಯವರು ಫೈಲು ಮಾಡ್ಲೇಬೇಕು. ನಾನು ಹೇಳಿದ್ದು ಅಂತ ಹೇಳ್ಬೇಡ ಮಾರಾಯ್ತಿ, ನನ್ನ ಗಂಡ ಇವರ ಕಂಪೆನಿಯಲ್ಲೇ ಇರುದು."

ಸೀಲು. ಕೊರಗರ ಕೊಪ್ಪಕ್ಕೆ ಸೀಲು ಹಾಕಿಕೊಡುವವರು ಯಾರು? ಊರಿನಲ್ಲಿ ಸೀಲೆಲ್ಲ ಇದ್ದದ್ದು ದೇಜಪ್ಪನವರ ಮನೆಯಲ್ಲಿ.

ಆ ದೇಜಪ್ಪನವರೇ ನವೆಂಬರಿನಲ್ಲಿ ಮಸ್ಕತ್ತಿಗೆ ಬಂದಿಳಿದರು. ಪ್ರೇಮನಾಥನ ಬಳಗ ಅವರಿಗೆ ಸನ್ಮಾನ ಇಟ್ಟುಕೊಂಡಿತ್ತು. ಉಳಿಯುವುದು ಪ್ರೇಮನಾಥನ ಮನೆಯಲ್ಲಿ. ಹಾಲಿಗೆ ಹೊಸ ಪರದೆ ಬಂತು. ಅಪ್ಪಿ ಮೂರು ದಿನ ಟೈಲಿನ ಸಂದುಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದಳು.

ಸನ್ಮಾನದ ದಿನ ಲೋಟ ತೊಳೆಯಲೆಂದು ಅವಳನ್ನೂ ಒಯ್ದರು. ವೇದಿಕೆಯ ಹಿಂದೆ ಪ್ಲಾಸ್ಟಿಕ್ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳು ಭಾಷಣ ಕೇಳಿದಳು. ದೇಜಪ್ಪನವರ ಗಂಟಲು ದೊಡ್ಡದು.

"ಪರದೇಶದಲ್ಲಿ ಬೆವರು ಸುರಿಸುವ ನನ್ನ ಅಕ್ಕತಂಗಿಯರ ಪರವಾಗಿ ವಿಧಾನಸಭೆಯಲ್ಲಿ ಗುಡುಗಿದವನು ನಾನು! ನಿಮ್ಮ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿರಬೇಕು! ನಿಮ್ಮ ಓಟು ನಿಮಗೆ ಸಿಗಬೇಕು! ಮಸ್ಕತ್ತಿನಲ್ಲಿ ಕೂತು ಊರಿಗೆ ಓಟು ಹಾಕುವ ಕಾನೂನು ಬರುವವರೆಗೆ ನನಗೆ ನಿದ್ದೆ ಇಲ್ಲ!"

ಚಪ್ಪಾಳೆ. ಎಲ್ಲರೂ ನಿಲ್ಲಿಸಿದ ಮೇಲೂ ಇನ್ನೂ ಮೂರು ಸಲ ತಟ್ಟಿದವನು ಪ್ರೇಮನಾಥ.

ಓಟು. ಅಪ್ಪಿ ಓಟಿಗೆಂದು ಹೋದದ್ದು ಜನ್ಮದಲ್ಲಿ ಒಂದೇ ಸಲ. ಹಿಂದಿನ ದಿನ ದೇಜಪ್ಪನವರ ಕಡೆಯವರು ಕೊಪ್ಪಕ್ಕೆ ಊಟ ಕಳುಹಿಸಿದ್ದರು. ಉಂಡು, ಗಂಡಸರು ಕುಡಿದು, ಬಿಸಿಲೇರಿದ ಮೇಲೆ ಸಾಲಾಗಿ ಶಾಲೆಗೆ ಹೋದರು. ಬಾಗಿಲಲ್ಲಿ ನಿಂತ ಏಜೆಂಟನೊಬ್ಬ ಪಟ್ಟಿ ನೋಡಿ ಹೇಳಿದ. "ನಿಮ್ಮ ಕೊಪ್ಪದ್ದೆಲ್ಲ ಹಾಕಿ ಆಯ್ತು. ಹೋಗಿ ಹೋಗಿ." ಅಪ್ಪಿ ತನ್ನ ಬೆರಳು ನೋಡಿಕೊಂಡಳು. ಶಾಯಿ ಇರಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಉಂಡು ಎದ್ದು ದೇಜಪ್ಪನವರು ಬಾಲ್ಕನಿಗೆ ಬಂದಾಗ ಅಪ್ಪಿ ಗೋಡೆಗೆ ಸರಿದು ನಿಂತಳು. ಆದರೆ ಹೋಗಲಿಲ್ಲ.

"ಧನಿ, ನಿಮ್ಮ ಭಾಷಣ ಕೇಳಿದೆ. ಪಾಸ್‌ಪೋರ್ಟು ಅವರವರ ಕೈಯಲ್ಲಿರ್ಬೇಕು ಅಂತ ಹೇಳಿದ್ರಿ."

"ಹೌದು ಮತ್ತೆ!"

"ನನ್ನದು ಕೊಡಿಸಿ."

ದೇಜಪ್ಪನವರು ಹಲ್ಲಿಗೆ ಕಡ್ಡಿ ಹಾಕಿಕೊಂಡು ಅವಳನ್ನು ಮೊದಲ ಬಾರಿಗೆ ನೋಡಿದರು. "ನಾನು ಹೇಳಿದ್ದು ಅರಬ್ಬಿಗಳ ಹತ್ರ ಇರುವ ಪಾಸ್‌ಪೋರ್ಟಿನ ವಿಷಯ. ಪ್ರೇಮನಾಥ ಹೊರಗಿನವನಾ? ನಮ್ಮವ ಅಲ್ವಾ? ಅವನ ಹತ್ರ ಇದ್ರೆ ನಿನ್ನ ಹತ್ರ ಇದ್ದ ಹಾಗೇ." ಕಡ್ಡಿ ಆಚೆ ಎಸೆದರು. "ನೀನು ಬೋಜನ ತಂಗಿ ಅಲ್ವಾ? ಆ ಸೀಟಿನ ಆಸೆ ಬಿಡು. ನಾವು ನಿಲ್ಲಿಸುವವಳಿಗೆ ನಿನ್ನ ಹಾಗೆ ಬಾಯಿ ಇಲ್ಲ. ಹೆಬ್ಬೆಟ್ಟು ಒತ್ತಿದ್ರೆ ಆಯ್ತು, ಉಳಿದದ್ದು ನಮ್ಮ ಹುಡುಗರು ನೋಡ್ಕೊಳ್ತಾರೆ."

ಮರುದಿನ ಶುಕ್ರವಾರ. ಹಾಲಿನಲ್ಲಿ ಟೇಪ್ ರೆಕಾರ್ಡರ್ ಇಟ್ಟರು. ದೇಜಪ್ಪನವರ ಸಂದೇಶ ರೆಕಾರ್ಡ್ ಆಗಬೇಕು. ಅದನ್ನು ಊರಿಗೆ ಒಯ್ದು, ಮೈಕು ಕಟ್ಟಿದ ಜೀಪಿನಲ್ಲಿ ಹಳ್ಳಿ ಹಳ್ಳಿಗೆ ಕೇಳಿಸಬೇಕು. ಮಸ್ಕತ್ತಿನಿಂದ ಬಂದ ದನಿ ಎಂದರೆ ಜನ ನಿಂತು ಕೇಳುತ್ತಾರೆ. ಹತ್ತು ನಿಮಿಷ ಗುಡುಗಿದ ಮೇಲೆ ಅವರಿಗೊಂದು ಉಪಾಯ ಹೊಳೆಯಿತು.

"ಪ್ರೇಮನಾಥ, ಇವಳಿಂದಲೂ ಎರಡು ಮಾತು ಹೇಳಿಸುವ. ಕೊಪ್ಪದವರು ಹಾರಿ ಬಂದು ಓಟು ಹಾಕ್ತಾರೆ."

ಪ್ರೇಮನಾಥ ಚೀಟಿ ಬರೆದು ಟೀಪಾಯಿಯ ಮೇಲಿಟ್ಟ. ಅಪ್ಪಿ ಎತ್ತಿ ಓದಿದಳು. ದೇಜಪ್ಪ ಧನಿಗಳು ನನ್ನ ಕಷ್ಟ ಕೇಳಿದರು. ನನ್ನ ಪಾಸ್‌ಪೋರ್ಟ್ ನನಗೆ ತೆಗೆಸಿಕೊಟ್ಟರು. ಅವರು ತೋರಿಸಿದವರಿಗೇ ಓಟು ಕೊಡಿ.

ಚೀಟಿಯನ್ನು ಅಲ್ಲೇ ಇಟ್ಟಳು. "ನಾನು ಹೇಳುದಿಲ್ಲ."

"ಎಂತ?" ಎಂದಳು ಕುಸುಮ.

"ಕೊಡದ್ದನ್ನು ಕೊಟ್ಟರು ಅಂತ ನಾನು ಹೇಳುದಿಲ್ಲ."

"ಅನ್ನ ತಿಂದ ಮನೆಗೆ..." ಕುಸುಮಳ ದನಿ ಏರಿತು. ದೇಜಪ್ಪನವರು ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದರು. ಅವರ ದನಿ ಈಗ ಭಾಷಣದ್ದಲ್ಲ. ಬೆಣ್ಣೆಯ ಹಾಗಿತ್ತು.

"ನಿಮ್ಮ ಕೊಪ್ಪ ಇರುವುದು ಯಾರ ಜಾಗದಲ್ಲಿ ಮಗಾ? ಬೋಜನ ಅರ್ಜಿ ನನ್ನ ಟೇಬಲ್ಲಿನ ಮೇಲೇ ಉಂಟು. ಒಂದು ದಿನದ ಕೆಲಸ. ಗುಡಿಸಲು ಎತ್ತಿಸಿದ್ರೆ ಮಕ್ಕಳನ್ನು ಕಟ್ಟಿಕೊಂಡು ಅವ ಎಲ್ಲಿಗೆ ಹೋಗ್ತಾನೆ, ಹೇಳು ನೋಡುವ."

ಏಸಿ ಗುಂಯ್‌ಗುಡುತ್ತಿತ್ತು. ಟೇಪಿನ ಕೆಂಪು ದೀಪ ಕಾಯುತ್ತಿತ್ತು. ಅಪ್ಪಿ ನೆಲ ನೋಡಿದಳು. ಅವಳ ಬಾಯೊಳಗೆ ನಾಲಗೆ ಒಮ್ಮೆ ಹೊರಳಿತು. ಎಲ್ಲಿ ಅಡಗಿಸಿಟ್ಟೆವು, ಹೇಳು?

"ತುಳುವಿನಲ್ಲಿ ಹೇಳಿದ್ರೆ ನಮ್ಮವರು ನಂಬುದಿಲ್ಲ ಧನಿ" ಎಂದಳು ನಿಧಾನ. "ನೀವು ಹೇಳಿಸಿದ್ದು ಅಂತ ಗೊತ್ತಾಗ್ತದೆ. ನಮ್ಮ ಮಾತಲ್ಲಿ ಹೇಳ್ತೇನೆ."

ದೇಜಪ್ಪನವರು ತೊಡೆ ತಟ್ಟಿದರು. "ನೋಡಿದ್ಯಾ ಪ್ರೇಮನಾಥ! ತಲೆ ಉಂಟು ಇವಳಿಗೆ. ಹೇಳು ಹೇಳು. ನಿಮ್ಮ ಓಟಿಗೂ ನಮ್ಮ ಓಟಿನಷ್ಟೇ ತೂಕ."

ಅಪ್ಪಿ ಟೇಪಿನ ಮುಂದೆ ನೆಲದ ಮೇಲೆ ಕೂತಳು. ಕೈಮುಗಿದಳು. ಅವಳ ಮಾತು ಹೀಗಿತ್ತು.

"ಅಣ್ಣಾ, ಅತ್ತಿಗೇ, ಕೊಪ್ಪದವರೇ. ಈಗ ಗುಡುಗಿದವನು ದೇಜಪ್ಪ ಧನಿ. ಅವನು ಹೇಳಿದ್ದೆಲ್ಲ ಸುಳ್ಳು. ನನ್ನ ಪಾಸ್‌ಪೋರ್ಟು ಇವನು ಕೂತ ಜಾಗದಿಂದ ಹತ್ತು ಹೆಜ್ಜೆಯಲ್ಲಿ, ಕಪಾಟಿನೊಳಗೆ ಉಂಟು. ಕಳೆದುಹೋಗಿದೆ ಅಂತಾರೆ. ನಾನು ಬರಲಾರೆ. ನನ್ನನ್ನು ಕಾಯಬೇಡಿ. ತುಕ್ರು ಅತ್ತಿಗೆ ನಿಲ್ಲಲಿ. ಓದು ಬಾರದಿದ್ರೆ ಬೇಡ, ಬಾಯಿ ಉಂಟಲ್ಲ. ಹಿಂದಿನ ದಿನ ಇವರು ಕಳಿಸುವ ಊಟ ಉಣ್ಣಬೇಡಿ, ಕುಡಿಯಬೇಡಿ. ಬೆಳಕು ಹರಿಯುವ ಮೊದಲೇ ಶಾಲೆಯ ಬಾಗಿಲಲ್ಲಿ ನಿಲ್ಲಿ. ನೀವು ಮೊದಲು ಹೋದ್ರೆ ನಿಮ್ಮ ಓಟು ಅವರು ಹಾಕಲಾರರು. ಗೆದ್ದರೆ ಪಂಚಾಯತಿಯ ಸೀಲು ಹಾಕಿ ಮಸ್ಕತ್ತಿನಲ್ಲಿರುವ ನಮ್ಮ ದೇಶದ ಕಚೇರಿಗೆ ಕಾಗದ ಬರೆಸಿ. ಅಪ್ಪಿಯ ಪಾಸ್‌ಪೋರ್ಟು ಪ್ರೇಮನಾಥನ ಕಪಾಟಿನಲ್ಲಿದೆ ಅಂತ ಬರೆಸಿ. ಈ ಮಾತನ್ನು ಯಾರಿಗೂ ತುಳುವಿನಲ್ಲಿ ಹೇಳಬೇಡಿ."

ನಡುನಡುವೆ ಕೇಳಿದ ಹೆಸರುಗಳು ಹಾಲಿನವರಿಗೆ ಬಹಳ ಹಿತವಾದವು. "ದೇಜಪ್ಪ ಧನಿ ಅಂದಳು. ಪಾಸ್‌ಪೋರ್ಟು ಅಂತಲೂ ಬಂತು" ಎಂದು ದೇಜಪ್ಪನವರು ಪ್ರೇಮನಾಥನ ಕಿವಿಯಲ್ಲಿ ಹೇಳಿದರು. ಅಪ್ಪಿಯ ಕೆನ್ನೆಯ ಮೇಲೆ ನೀರಿಳಿಯಿತು. ಅದನ್ನು ನೋಡಿ ಅವರಿಗೆ ಇನ್ನೂ ಸಂತೋಷವಾಯಿತು.

"ಎಷ್ಟು ಚೆಂದ ಹೇಳಿದಳು" ಎಂದರು. ಕ್ಯಾಸೆಟ್ಟನ್ನು ತಾವೇ ಜೇಬಿಗಿಟ್ಟುಕೊಂಡರು.

ಜನವರಿಯಲ್ಲಿ ಬೋಜನ ಕ್ಯಾಸೆಟ್ಟು ಬಂತು. ಎಂದಿನಂತೆ ಮೊದಲು ಹಾಲಿನಲ್ಲಿ ಹಾಕಿದರು. ಅಪ್ಪಿ ಬಕೀಟು ಹಿಡಿದು ನಿಂತಿದ್ದಳು.

ತಂಗೀ, ನೀನು ಜೀಪಿನಲ್ಲಿ ಬಂದೆ. ಮೂರು ವಾರ ಬಂದೆ. ನಮ್ಮ ಕೊಪ್ಪಕ್ಕೆ ಮಾತ್ರ ಅಲ್ಲ, ಆಚೆ ಹೊಳೆಯ ಕೊಪ್ಪ, ಗುಡ್ಡದ ಮೇಲಿನ ಕೊಪ್ಪ, ಎಲ್ಲ ಕಡೆ. ದೇಜಪ್ಪನ ಜೀಪು, ದೇಜಪ್ಪನ ಡೀಸೆಲು, ದೇಜಪ್ಪನ ಮೈಕು. ನಾವು ಡ್ರೈವರನಿಗೆ ಕೈಮುಗಿದು, ಇನ್ನೊಂದು ಸಲ ಹಾಕಿ ಧನಿ, ಬಹಳ ಚೆಂದ ಉಂಟು ಅಂದೆವು. ಹಾಕಿದ. ದೊಡ್ಡವರು ಬಾಯಿಗೆ ಬಟ್ಟೆ ಹಿಡಿದು ನಕ್ಕರು. ಓಟಿನ ದಿನ ಬೆಳಕು ಹರಿಯುವ ಮೊದಲೇ ಶಾಲೆಯ ಬಾಗಿಲಲ್ಲಿ ನಿಂತೆವು. ಎಲ್ಲರ ಬೆರಳಿಗೂ ಶಾಯಿ ಬಿತ್ತು. ತುಕ್ರು ಮೆಂಬರ್ ಆದಳು. ಮೊದಲ ಮೀಟಿಂಗಿನಲ್ಲಿ ಅವಳಿಗೆ ಕುರ್ಚಿ ಕೊಡಲಿಲ್ಲ. ಅವಳು ಹೊರಗಿನಿಂದ ತಾನೇ ಒಂದು ಎಳೆದು ತಂದು ಕೂತಳು. ಕಾಗದಕ್ಕೆ ಸೀಲು ಹಾಕುದಿಲ್ಲ ಅಂದ್ರು. ಹಾಕುವವರೆಗೆ ನಾವು ಡೋಲು ಬಾರಿಸಿಕೊಂಡು ಪಂಚಾಯತಿಯ ಮೆಟ್ಟಿಲಲ್ಲಿ ಕೂತೆವು. ಎರಡು ದಿನ. ಹಾಕಿದರು.

"ಎಂತ ಹೇಳ್ತಾನೆ ನಿನ್ನ ಅಣ್ಣ?" ಎಂದ ಪ್ರೇಮನಾಥ ಟಿವಿಯಿಂದ ಕಣ್ಣು ತೆಗೆಯದೆ.

"ಎಲ್ಲರೂ ಸೌಖ್ಯ ಅಂತೆ, ಧನಿ."

ಮಾರ್ಚಿನ ಒಂದು ಬೆಳಗ್ಗೆ ಫೋನು ಬಂತು. ಪ್ರೇಮನಾಥ ಮೊದಲು ಗತ್ತಿನಲ್ಲಿ ಮಾತಾಡಿದ. ಆಮೇಲೆ ಎದ್ದು ನಿಂತ. ಆಮೇಲೆ "ಯೆಸ್ ಸರ್, ನೋ ಸರ್, ಸಣ್ಣ ಮಿಸ್ಟೇಕ್ ಸರ್" ಎನ್ನತೊಡಗಿದ. ಎಂಬೆಸಿಯ ಅಧಿಕಾರಿ. ಉಡುಪಿಯ ಕಡೆಯ ಒಂದು ಗ್ರಾಮ ಪಂಚಾಯತಿಯಿಂದ ಪತ್ರ ಬಂದಿದೆ, ಸದಸ್ಯೆ ತುಕ್ರು, ಹೆಬ್ಬೆಟ್ಟಿನ ಗುರುತು, ಸೀಲು. ಕಪಾಟು ಎಲ್ಲಿದೆ ಎಂಬುದೂ ಪತ್ರದಲ್ಲಿದೆ. ಗುರುವಾರದ ವಿಮಾನಕ್ಕೆ ಅವಳನ್ನು ಕಳುಹಿಸಬೇಕು. ನಮ್ಮವರು ಏರ್‌ಪೋರ್ಟಿನಲ್ಲಿ ಕಾಯುತ್ತಾರೆ. ಅವಳು ಬರದಿದ್ದರೆ ಇಲ್ಲಿಯ ಪೊಲೀಸರೊಡನೆ ನೀವೇ ಮಾತಾಡಿಕೊಳ್ಳಿ.

ಗುರುವಾರ ಬಂತು. ಕೆಳಗೆ ಆದಂ ಪಿಕಪ್ಪು ನಿಲ್ಲಿಸಿಕೊಂಡು ಕಾಯುತ್ತಿದ್ದ. ಅಪ್ಪಿ ಬಟ್ಟೆಯ ಗಂಟು ಬಗಲಿಗಿಟ್ಟು ಬಾಗಿಲ ಹೊರಗೆ ನಿಂತಳು. ಕುಸುಮ ಕಪಾಟು ತೆರೆದಳು. ರೇಷ್ಮೆ ಸೀರೆ ಸರಸರ ಸದ್ದು ಮಾಡಿತು. ಪ್ರೇಮನಾಥ ನೀಲಿ ಪುಸ್ತಕ ಹಿಡಿದು ಬಂದ. ಅವಳ ಮುಖ ನೋಡಲಿಲ್ಲ. ಹೊಸ್ತಿಲಾಚೆ, ಅವಳ ಕಾಲ ಬಳಿ ಎಸೆದ.

"ತಕೋ. ಸಾಯಿ."

ಪಾಸ್‌ಪೋರ್ಟು ನೆಲದ ಮೇಲೆ ಬಿದ್ದಿತ್ತು. ಆ ನೆಲವನ್ನು ಬೆಳಗ್ಗೆ ಅವಳೇ ಒರೆಸಿದ್ದಳು. ಬೆನ್ನು ಎಂದಿನಂತೆ ಬಗ್ಗಲು ಹೊರಟಿತು. ಅಪ್ಪಿ ಅದನ್ನು ಹಿಡಿದು ನಿಲ್ಲಿಸಿದಳು.

"ಕೈಗೆ ಕೊಡಿ."

"ಎಂತ?"

"ಕೈಗೆ ಕೊಡಿ."

"ಅಹಂಕಾರವಾ? ಎತ್ತಿಕೊಂಡು ನಡಿ. ಫ್ಲೈಟು ತಪ್ತದೆ."

"ತಪ್ಪಲಿ."

ಕೆಳಗಿನಿಂದ ಆದಂ ಹಾರ್ನು ಹೊಡೆದ. ಕುಸುಮ ಒಳಗಿನಿಂದ, "ಹೊತ್ತಾಯ್ತು ಮಾರಾಯ್ರೇ, ಅಲ್ಲಿ ಅವರು ಕಾಯ್ತಾರೆ" ಎಂದಳು. ಮೆಟ್ಟಿಲ ತಿರುವಿನಲ್ಲಿ ಬೀಟ್ರಿಸ್ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದಳು. ಇಳಿಯಲೂ ಇಲ್ಲ, ಹತ್ತಲೂ ಇಲ್ಲ. ಅಪ್ಪಿ ಬಲಗೈ ಮುಂದೆ ಮಾಡಿ ಅಂಗೈ ಬಿಡಿಸಿದಳು. ಬ್ಲೀಚು ತಿಂದ ಅಂಗೈ. ಹಾರ್ನು ಮತ್ತೆ ಬಂತು.

ಪ್ರೇಮನಾಥ ಬಗ್ಗಿದ. ಹೊಟ್ಟೆ ಅಡ್ಡ ಬಂತು. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಬಗ್ಗಿದ. ಎತ್ತಿದ. ಎರಡು ಬೆರಳಲ್ಲಿ ತುದಿ ಹಿಡಿದು, ಅವಳ ಅಂಗೈಯ ಮೇಲೆ, ಒಂದು ಗೇಣು ಎತ್ತರದಲ್ಲಿ ನಿಲ್ಲಿಸಿದ. ಬಿಟ್ಟರೆ ಬೀಳುತ್ತದೆ.

ಅಪ್ಪಿ ಕೈ ಹಿಂದಕ್ಕೆ ತೆಗೆದಳು. ಬಿಡಲು ಹೊರಟವನು ತಡೆದುಕೊಂಡ. ಅವಳು ಕಾದಳು. ಮತ್ತೆ ಕೈ ಚಾಚಿದಳು.

ಕೊನೆಗೆ ಅವನ ಕೈ ಆ ಗೇಣಿನಷ್ಟು ಕೆಳಗೆ ಬಂತು. ಪುಸ್ತಕ ಅಂಗೈಗೆ ತಾಗಿತು. ಅವಳು ಬೆರಳು ಮಡಚಿದಳು, ಪುಸ್ತಕದ ಜೊತೆ ಅವನ ಬೆರಳನ್ನೂ ಸೇರಿಸಿ. ಏಸಿಯಲ್ಲಿ ಕೂತು ತಣ್ಣಗಾದ ಬೆರಳು. ಮೂರು ಉಸಿರಿನಷ್ಟು ಹೊತ್ತು ಹಿಡಿದುಕೊಂಡಳು. ಬಿಟ್ಟಳು.

"ಕಳೆದದ್ದು ಸಿಕ್ಕಿತಲ್ಲ" ಎಂದಳು. "ಊರಿಗೆ ಬಂದಾಗ ಅಜ್ಜನಿಗೆ ಚಕ್ಕುಲಿ ಮರೀಬೇಡಿ."

ಧನಿ ಎನ್ನಲಿಲ್ಲ.